ಮಾವ ತಂದ ಐಪ್ಪಸಿಯ ಕಡಲು

ನನ್ನ ಸೋದರಮಾವನಷ್ಟು ಸಮುದ್ರ ಹೊತ್ತವರು ಸೋಮನೂರಿನಲ್ಲಿ ಇನ್ನೊಬ್ಬರಿಲ್ಲ! ವರ್ಷಕ್ಕೊಮ್ಮೆ ತೂತ್ತುಕುಡಿಗೆ ಹೋಗಿ, ಕ್ಯಾನಿನ ತುಂಬ ಉಪ್ಪುನೀರು ತಂದು ನಮ್ಮ ಮಗ್ಗದ ಶೆಡ್ಡಿನ ಬಾಗಿಲಲ್ಲಿ ಇಳಿಸುತ್ತಾರೆ. ಬೇರೆಯವರ ಮಾವಂದಿರು ಆ ಊರಿಂದ ಮಕರೂನ್ ಮಿಠಾಯಿ ತರುತ್ತಾರಪ್ಪ!

ಇದಕ್ಕೆಲ್ಲ ಕಾರಣವೂ ಅವರೇ. ನಾನು ಎಂ.ಎಸ್ಸಿ. ಓದುವಾಗ, ಕರಾವಳಿಯ ನೀರಿನಲ್ಲಿ ತೇಲುವ ಪ್ಲಾಂಕ್ಟನ್ ಎಂಬ ಅತಿ ಸಣ್ಣ ಜೀವಿಗಳನ್ನು ಎಣಿಸುತ್ತಿದ್ದೆ. ಬೇಸಿಗೆಯಲ್ಲಿ ಒಂದು ಗುಂಪು ಮೆರೆದರೆ, ಮಳೆ ಬಿದ್ದೊಡನೆ ಅದು ಕಾಲ್ಕಿತ್ತು ಇನ್ನೊಂದು ಬರುತ್ತದೆ. ಮೂರು ಕಾಲದ ಲೆಕ್ಕ ಮುಗಿದಿತ್ತು. ಐಪ್ಪಸಿ ತಿಂಗಳ ಮಳೆಗಾಲವೊಂದೇ ಉಳಿದಿತ್ತು. ಮಾವ ನನಗೊಬ್ಬ ಮಾಪ್ಳೆ, ಅಂದರೆ ಗಂಡು ಹುಡುಕಿ, ಅದೇ ಐಪ್ಪಸಿಯಲ್ಲಿ ಮುಹೂರ್ತ ಇಡಿಸಿದರು!

"ಒಂದೇ ಒಂದು ತಿಂಗಳು ತಡೀರಿ ಮಾವ" ಎಂದು ಗೋಗರೆದೆ.

"ಸಮುದ್ರ ಎಲ್ಲಿಗ್ ಓಡೋಗ್ತದೆ ಅಮ್ಮಿಣಿ? ಮಾಪ್ಳೆ ಓಡೋಗ್ಬಿಡ್ತಾನೆ!"

ಮನೆಯವರೆಲ್ಲ ನಕ್ಕರು. ನಾನು ನಗಲಿಲ್ಲ. ಓದು ಅಲ್ಲಿಗೇ ನಿಂತಿತು. ಈಗ ನಾನು ದಿನವಿಡೀ ಎಣಿಸುವುದು ಮಗ್ಗದಲ್ಲಿ ಕಡಿದ ಎಳೆಗಳನ್ನು.

ಮರುವರ್ಷ ಮಾವನಿಗೆ ಏನು ಹೊಳೆಯಿತೋ, "ನೀನು ಬಿಟ್ಟ ನೀರು ನಾನೇ ತರ್ತೀನಿ" ಎಂದು ಹೊರಟರು. ನೀರು ಸೋಸಿ ಜೀವಿಗಳನ್ನು ಹಿಡಿಯುವ ನನ್ನ ಹಳೆಯ ಬಲೆ ಜೋಲುಬಿದ್ದಿತ್ತಲ್ಲ, ನೇಕಾರನ ಬುದ್ಧಿ ಸುಮ್ಮನಿರುತ್ತದೆಯೇ? ನೂಲಿಗೆ ಹಾಕುವಂತೆ ಅದಕ್ಕೂ ಗಂಜಿ ಹಾಕಿ ಒಣಗಿಸಿಬಿಟ್ಟರು! ಸಣ್ಣ ಕಣ್ಣುಗಳೆಲ್ಲ ಮುಚ್ಚಿಹೋಗಿ, ಸಿಕ್ಕಿದ್ದು ಬರೀ ಗಂಜಿನೀರು. ಅದರ ಮುಂದಿನ ವರ್ಷ, ಕೆಡಬಾರದೆಂದು ನೀರನ್ನು ಕುದಿಸಿಕೊಂಡು ತಂದರು!

"ರಸಂ ಚೆನ್ನಾಗಿದೆ ಮಾವ, ಉಪ್ಪು ಸ್ವಲ್ಪ ಜಾಸ್ತಿ" ಎಂದೆ. ನೋಯಲಿ ಎಂದೇ ಹೇಳಿದ್ದು. ಅವರು ಕ್ಯಾನ್ ಎತ್ತಿಕೊಂಡು ಹೋದರು.

ಈ ಐಪ್ಪಸಿಯಲ್ಲಿ ತೂತ್ತುಕುಡಿಯ ಕಾಲೇಜಿನವರನ್ನು ಕಾಡಿಬೇಡಿ, ನೀರಿಗೆ ಕೆಡದಂತೆ ಔಷಧಿ ಹಾಕಿಸಿ, ಸರಿಯಾದ ಬಾಟಲಿಯನ್ನೇ ತಂದರು. ಶಾಲೆಯ ಟೀಚರಮ್ಮನ ಹತ್ತಿರ ಸೂಕ್ಷ್ಮದರ್ಶಕ ಕೇಳಿ ತಂದು ಒಂದು ಹನಿ ಇಟ್ಟೆ. ಮೊದಲು ಅವರನ್ನೇ ನೋಡಲು ಹೇಳಿದೆ. ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ.

"ಇಷ್ಟು ಜನ ಇದ್ರಾ ಇದ್ರೊಳಗೆ? ಬರೀ ನೀರು ಅಂತ ನೆನ್ಸ್ಬಿಟ್ಟೆ ಅಮ್ಮಿಣಿ..." ಕೊನೆಗೆ ನನ್ನತ್ತ ತಿರುಗಿದರು. "ತಪ್ಪು ಮಾಡ್ಬಿಟ್ಟೆ. ಈಗ ನಿನ್ ಓದು-ಪಡಿಪ್ಪು ಪೂರ್ತಿ ಆಯ್ತಾ?"

ಪೂರ್ತಿ ಆಗಬೇಕಾದರೆ ನಾಲ್ಕೂ ಕಾಲದ ನೀರು ಒಂದೇ ವರ್ಷದ್ದಾಗಿರಬೇಕಿತ್ತು. ಸಾಲದ್ದಕ್ಕೆ, ಉಳಿದ ಮೂರು ಕಾಲದ ಬಾಟಲಿಗಳನ್ನು ಮದುವೆಯ ಹಿಂದಿನ ದಿನ ನಾನೇ ಚರಂಡಿಗೆ ಸುರಿದಿದ್ದೆ. ಅದನ್ನು ಅವರ ಮುಖಕ್ಕೆ ಹೊಡೆದ ಹಾಗೆ ಹೇಳಬೇಕೆಂದು ಇಷ್ಟು ವರ್ಷ ಕಾದಿದ್ದವಳು ನಾನು.

"ಆಯ್ತು ಮಾವ, ಪೂರ್ತಿ ಆಯ್ತು" ಎಂದೆ.