ಭೂಮಿಯ ಜ್ವರವೂ ಹಿತಕಿದ ಬೇಳೆಯೂ

ಭೂಮಿ ಬಿಸಿಯಾಗುತ್ತಿದೆ ಎಂಬ ಮಾತು ಶುರುವಾದರೆ ಮೊದಲು ಬಿಸಿಯಾಗುವುದು ಮಾತನಾಡುವವನ ತಲೆ. ಇದನ್ನು ನಾನು ಪರರನ್ನು ನೋಡಿ ಹೇಳುತ್ತಿಲ್ಲ, ಸ್ವಂತ ಅನುಭವದಿಂದಲೇ ಹೇಳುತ್ತಿದ್ದೇನೆ. ನಾನು ಕಾಲೇಜಿನಲ್ಲಿ ವಾಣಿಜ್ಯದ ಪಾಠ ಹೇಳಿ ನಿವೃತ್ತನಾದವನು. ಪಾಠ ಹೇಳಿದವರಿಗೆ ಒಂದು ರೋಗ ಅಂಟಿಕೊಂಡಿರುತ್ತದೆ. ಎದುರಿಗೆ ಕೂತವರು ಸುಮ್ಮನಿದ್ದರೆ ಅರ್ಥವಾಯಿತು ಎಂದುಕೊಳ್ಳುತ್ತೇವೆ, ಬಾಯಿ ಬಿಟ್ಟರೆ ಅರ್ಥವಾಗಲಿಲ್ಲ ಎಂದುಕೊಂಡು ಅದನ್ನೇ ಇನ್ನೂ ಗಟ್ಟಿಯಾಗಿ ಹೇಳುತ್ತೇವೆ. ಬಸವನಗುಡಿಯ ನಮ್ಮ ಪಾರ್ಕಿಗೆ ಬೆಳಗ್ಗೆ ನಡೆಯಲು ಬರುವವರು ನನ್ನೆದುರು "ಈ ಸಲ ಚಳಿ ಪರವಾಗಿಲ್ಲ ಅಲ್ವಾ ಸಾರ್" ಎನ್ನುವುದನ್ನೇ ಬಿಟ್ಟಿದ್ದಾರೆ. ಹಾಗಂದುಬಿಟ್ಟರೆ ಧ್ರುವಪ್ರದೇಶದ ಹಿಮವೆಲ್ಲ ಕರಗುವ ತನಕ ನಾನು ಅವರನ್ನು ಮನೆಗೆ ಬಿಡುವುದಿಲ್ಲವೆಂದು ಅವರಿಗೆ ಗೊತ್ತು.

ಪಾರ್ಕಿನವರು ತಪ್ಪಿಸಿಕೊಳ್ಳಬಹುದು, ನನ್ನ ಬಾಮೈದ ಶ್ರೀಕಂಠ ಎಲ್ಲಿಗೆ ಹೋದಾನು? ಚಾಮರಾಜಪೇಟೆಯಲ್ಲಿ ಅವನದು ಫ್ಯಾನು, ಕೂಲರು, ಎಸಿ ಮಾರುವ ಅಂಗಡಿ. ಭಾನುವಾರ ಮಧ್ಯಾಹ್ನದ ಊಟಕ್ಕೆ ನಮ್ಮ ಮನೆಗೆ ಬರುವುದು ಅವನ ಪದ್ಧತಿ. ನನ್ನ ಹೆಂಡತಿ ವನಜಳಿಗೆ ಇರುವುದು ಈ ಒಬ್ಬನೇ ತಮ್ಮ. ಅಪ್ಪ ಅಮ್ಮ ಹೋದ ಮೇಲೆ ಅವಳ ತವರುಮನೆಯೆಂದರೆ ಭಾನುವಾರ ಸ್ಕೂಟರಿನಲ್ಲಿ ಬಂದು, ಉಂಡು, ಹೋಗುವ ಇವನೇ.

ಕಾರ್ತಿಕ ಮಾಸದ ಒಂದು ಭಾನುವಾರ. ಫ್ಯಾನು ಜೋರಾಗಿ ತಿರುಗುತ್ತಿದ್ದರೂ ಬೆವರು. ಸಾರಿನನ್ನ ಕಲಸುತ್ತ ನಾನು, ಬೆಂಗಳೂರಿನ ಕಥೆ ಮುಗಿಯಿತು, ಇನ್ನು ಪ್ರಳಯವೊಂದೇ ಬಾಕಿ ಎಂದೆ. ಶ್ರೀಕಂಠ, "ಎಲ್ಲಾ ಸುಮ್ನೆ ಹೆದರಿಸ್ತಾರೆ ಭಾವ, ಸೆಖೆ ಯಾವ ಕಾಲದಲ್ಲಿ ಇರ್ಲಿಲ್ಲ?" ಎಂದ. ನನ್ನ ಬಳಿ ಹೇಳಲು ಒಳ್ಳೆಯ ಉತ್ತರಗಳಿದ್ದವು. ಅವನ್ನೆಲ್ಲ ಬಿಟ್ಟು ಬಾಯಿಗೆ ಬಂದದ್ದು ಇದು: "ನೀನು ಎಸಿ ಮಾರೋನು. ಊರಿಗೆ ಬೆಂಕಿ ಬಿದ್ರೆ ನಿನಗೆ ಹಬ್ಬ." ಶ್ರೀಕಂಠ ಎದ್ದು ಕೈ ತೊಳೆದು, ಸ್ಕೂಟರ್ ಹತ್ತಿ ಹೊರಟೇಹೋದ.

ನಮ್ಮ ಕಡೆ ಸಾರಿನನ್ನದಲ್ಲಿ ಎದ್ದುಹೋಗುವುದೆಂದರೆ ಏನೆಂದು ತಿಳಿದವರಿಗೆ ತಿಳಿದಿದೆ. ಮೊಸರನ್ನ ಉಣ್ಣದೆ ಊಟ ಮುಗಿಯುವುದಿಲ್ಲ. ಮುಗಿಯದ ಊಟ ಬಿಟ್ಟು ಹೋದವನು ಮತ್ತೆ ಬರುವ ಖಾತ್ರಿಯೂ ಇಲ್ಲ. "ಮೊಸರನ್ನ ಊಟ ಮಾಡ್ಲಿಲ್ಲ ರೀ ಅವನು" ಎಂದಳು ವನಜ, ಅಷ್ಟೇ. ಬೈದಿದ್ದರೆ ನಾನು ಪ್ರತಿವಾದ ಹೂಡಬಹುದಿತ್ತು. ಅವಳು ಬೈಯಲಿಲ್ಲ. ಆಮೇಲಿನ ಭಾನುವಾರಗಳಲ್ಲಿ ಊಟದ ಹೊತ್ತಿಗೆ ರಸ್ತೆಯಲ್ಲಿ ಸ್ಕೂಟರಿನ ಸದ್ದಾದರೆ ಅವಳ ಕೈಯಲ್ಲಿದ್ದ ಸೌಟು ಒಂದು ಗಳಿಗೆ ನಿಲ್ಲುತ್ತಿತ್ತು, ಆಮೇಲೆ ಮತ್ತೆ ಆಡುತ್ತಿತ್ತು. ನೋಡಿ ನನಗೆ ಬಹಳ ಸಂಕಟವಾಗುತ್ತಿತ್ತು. ಭೂಮಿಯನ್ನು ಉಳಿಸಲು ಹೊರಟವನು ಹೆಂಡತಿಯ ತವರನ್ನು ಮುಳುಗಿಸಿದ್ದೆ.

ಅಷ್ಟರಲ್ಲಿ ಅವರೆಕಾಯಿ ಬಂತು. ಗಾಂಧಿಬಜಾರಿನಲ್ಲಿ ರಾಶಿ ಬಿದ್ದದ್ದೇ ತಡ ವನಜ ಒಂದು ದೊಡ್ಡ ಚೀಲದ ತುಂಬ ತಂದು, ಸುಲಿದಿಟ್ಟು, ಭಾನುವಾರ ಬೆಳಗ್ಗೆ ಕಾಳನ್ನು ನೀರಿನಲ್ಲಿ ನೆನೆಹಾಕಿ, ತಮ್ಮನಿಗೆ ಫೋನ್ ಮಾಡಿದಳು. "ಹಿತಕಿದ ಬೇಳೆ ಸಾರು ಮಾಡ್ತಿದೀನಿ ಕಣೋ. ಹಿತುಕೋಕೆ ಕೈ ಸಾಲ್ತಿಲ್ಲ, ಬಂದ್ಬಿಡು." ಜಗಳವಾಡಿ ಊಟ ಬಿಟ್ಟವನೂ ಹಿತಕಿದ ಬೇಳೆ ಬಿಡಲಾರ. ಶ್ರೀಕಂಠ ಒಂದು ತೆಂಗಿನಕಾಯಿ ಹಿಡಿದು ಬಂದ, ನನ್ನನ್ನು ಬಿಟ್ಟು ಗೋಡೆಯ ಕ್ಯಾಲೆಂಡರನ್ನು ಮಾತಾಡಿಸುವವನಂತೆ ನೋಡುತ್ತ ಕೂತ. ವನಜ ನಮ್ಮಿಬ್ಬರ ನಡುವೆ ಕಾಳಿನ ಬೇಸಿನ್ ಇಟ್ಟಳು.

"ಅವತ್ತಿನ ಮಾತು ಅರ್ಧಕ್ಕೆ ನಿಂತಿದೆ, ಇಬ್ರೂ ಮುಗಿಸಿ. ಆದ್ರೆ ಕೈ ನಿಲ್ಲಿಸೋ ಹಾಗಿಲ್ಲ. ಕಾಳು ಹಾರಿದ್ರೆ ಹಾರಿಸಿದೋರೇ ಎದ್ದು ಹುಡುಕಿ ತರಬೇಕು" ಎಂದು ಒಳಗೆ ಹೋದಳು.

ನೆನೆದ ಕಾಳನ್ನು ಹಿತುಕುವುದು ನೋಡಲು ಸುಲಭ. ಹೆಬ್ಬೆರಳು ತೋರುಬೆರಳ ನಡುವೆ ಮೆತ್ತಗೆ ಅಮುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಜಾರಿ ಬರುತ್ತದೆ. ಸಿಟ್ಟಿನಿಂದ ಅಮುಕಿದರೆ ಬಂದೂಕಿನ ಗುಂಡು. "ಮನುಷ್ಯನ ದುರಾಸೆ" ಎಂದು ನಾನು ಬಾಯಿ ತೆರೆದ ಕೂಡಲೇ ನನ್ನ ಕಾಳು ಹಾರಿ ದಿವಾನದ ಅಡಿ ಸೇರಿತು. ಮಂಡಿ ಹಿಡಿದುಕೊಂಡು ಬಗ್ಗಿ, ಧೂಳಿನಿಂದ ಅದನ್ನು ತೆಗೆದು, ತೊಳೆದು ತರುವಷ್ಟರಲ್ಲಿ ದುರಾಸೆಯ ಮುಂದಿನ ವಾಕ್ಯ ಮರೆತಿತ್ತು. "ಈ ವಿದೇಶದೋರೆಲ್ಲ ಸೇರ್ಕೊಂಡು" ಎಂದು ಶ್ರೀಕಂಠ ಶುರುಮಾಡಿದ. ಅವನ ಕಾಳು ನನ್ನ ಕನ್ನಡಕಕ್ಕೆ ಬಡಿದು ಟಿವಿ ಹಿಂದೆ ಬಿತ್ತು. ಅವನ ಮಂಡಿಯೂ ನನ್ನದಕ್ಕಿಂತ ಚೆನ್ನಾಗೇನಿಲ್ಲ. ಹೀಗೆ ನಾಲ್ಕಾರು ಸಲ ಎದ್ದು ಬಗ್ಗಿದ ಮೇಲೆ ಇಬ್ಬರ ದನಿಯೂ ತಾನಾಗಿಯೇ ತಗ್ಗಿತು. ಟಿವಿಯಲ್ಲಿ ಕೂಗಾಡುವ ಪಂಡಿತರ ಮುಂದೆಲ್ಲ ಒಂದೊಂದು ಬೇಸಿನ್ ಅವರೆಕಾಳು ಇಡಬಾರದೇಕೆ ಎಂದು ನನಗೆ ಅನ್ನಿಸಿದ್ದು ಆಗಲೇ.

ಕಾಳನ್ನು ಮೂಸಿ ನೋಡಿದ ನನಗೆ ಒಂದು ಅಸ್ತ್ರ ಸಿಕ್ಕಿತು. "ನೋಡು, ಸೊಗಡೇ ಇಲ್ಲ. ಇಬ್ಬನಿ ಬೀಳದಿದ್ರೆ ಸೊಗಡು ಎಲ್ಲಿಂದ ಬರ್ಬೇಕು? ಇದಕ್ಕಿಂತ ಸಾಕ್ಷಿ ಬೇಕಾ?" ಎಂದೆ. ಒಳಗಿನಿಂದ ವನಜ, "ರೀ, ಎರಡು ದಿನ ಫ್ರಿಜ್ಜಲ್ಲಿಟ್ಟಿದ್ದೆ, ಅದಕ್ಕೆ" ಎಂದಳು. ಶ್ರೀಕಂಠ ನಕ್ಕ. ನನಗೂ ನಗು ಬಂತು. ಒಂದು ಬೇಸಿನ್ ಕಾಳಿನಿಂದ ಭೂಮಿಯ ಜ್ವರ ಅಳೆಯಲಾಗದು. ಅಳೆಯುವವರು ಬೇರೆ ಇದ್ದಾರೆ, ವರ್ಷಗಟ್ಟಲೆ ತಾಳ್ಮೆಯಿಂದ ಅಳೆದು ಹೇಳಿದ್ದಾರೆ. ಅವರ ಮಾತು ನಿಜವಾಗಲು ನನ್ನ ಕೂಗು ಬೇಕಾಗಿರಲಿಲ್ಲ.

ನಕ್ಕ ಮೇಲೆ ಶ್ರೀಕಂಠ ನಿಧಾನವಾಗಿ ಹೇಳಿದ, "ಸೆಖೆ ಜಾಸ್ತಿ ಆಗಿರೋದು ನನಗೂ ಗೊತ್ತು ಭಾವ. ದಿನಾ ಅಂಗಡೀಲಿ ನೋಡ್ತೀನಲ್ಲ. ನೀವು ಪ್ರಳಯ ಅಂದ್ರೆ ನನಗೆ ಭಯ ಆಗತ್ತೆ, ಭಯ ಆದ್ರೆ ಸುಳ್ಳು ಅಂದ್ಬಿಡ್ತೀನಿ. ಮೊನ್ನೆ ಒಬ್ಬ ಅಜ್ಜಿ ಬಂದಿದ್ರು, ಯಜಮಾನ್ರಿಗೆ ಹೃದಯದ ತೊಂದ್ರೆ, ರಾತ್ರಿ ಸೆಖೆಗೆ ಉಸಿರು ಕಟ್ಟತ್ತಂತೆ. ಎಸಿ ಮಾರಬಾರದಿತ್ತಾ?"

ಮೂವತ್ತು ವರ್ಷ ಪಾಠ ಹೇಳಿದ ಬಾಯಿಂದ "ಗೊತ್ತಿಲ್ಲ ಕಣೋ" ಎಂಬ ಮಾತು ಹೊರಟಿತು. ಹಬ್ಬ ಎಂದದ್ದು ತಪ್ಪಾಯಿತೆಂದೂ ಹೇಳಿದೆ. ಆಮೇಲೆ ಕರೆಂಟು ಕಡಿಮೆ ಎಳೆಯುವ ಎಸಿ ಯಾವುದು, ನಮ್ಮ ಬಿಸಿಲ ತಾರಸಿಗೆ ಬಿಳಿ ಬಣ್ಣ ಬಳಿದರೆ ಎಷ್ಟು ತಂಪಾದೀತು ಎಂದು ಅವನೇ ವಿವರಿಸಿದ. ನಾನು ಕೇಳಿದೆ. ಕೇಳುತ್ತಿರುವಾಗ ಒಂದು ಕಾಳೂ ಹಾರಲಿಲ್ಲ.

ಅವತ್ತು ಶ್ರೀಕಂಠ ಮೊಸರನ್ನ ಎರಡನೇ ಸಲ ಹಾಕಿಸಿಕೊಂಡ. ಬಡಿಸುವಾಗ ವನಜಳ ಮುಖ ನೋಡಿದೆ. ಅವಳಿಗೂ, ಅವನಿಗೂ, ಆ ಅವರೆಕಾಳಿಗೂ ಕೈ ಮುಗಿಯಬೇಕೆನ್ನಿಸಿತು. ಹೊರಡುವಾಗ ಅವನು ಸ್ಕೂಟರ್ ಮೇಲಿಂದ, "ಭಾವ, ನೀವು ಇವತ್ತು ಅಷ್ಟೆಲ್ಲಾ ಹೇಳಿದ್ರಲ್ಲ, ಅದರಲ್ಲಿ ಒಂದು ಮಾತು ನನಗೆ ನೂರಕ್ಕೆ ನೂರು ಸರಿ ಅನ್ನಿಸ್ತು" ಎಂದ. ನನಗೆ ಆನಂದವೋ ಆನಂದ. "ಯಾವುದೋ?" ಎಂದೆ. "ಮುಂದಿನ ಭಾನುವಾರ ಬಂದು ಹೇಳ್ತೀನಿ" ಎಂದು ಹೊರಟ. ಇಡೀ ವಾರ ನಾನು ಆಡಿದ ಮಾತುಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡು, ಅದು ಯಾವುದಿರಬಹುದೆಂದು ವನಜಳನ್ನು ಕೇಳುತ್ತಲೇ ಇದ್ದೆ. ಶನಿವಾರ ಸಂಜೆ ಅವಳು ತಡೆಯಲಾರದೆ ಹೇಳಿದಳು: "ಗೊತ್ತಿಲ್ಲ ಅಂದ್ರಲ್ಲ, ಅದೇ ಇರ್ಬೇಕು ರೀ."