ನನ್ನ ಪುಸ್ತಕದ ದಾರಿಯಲ್ಲಿ ನಡೆದುಬಂದ ಚಿರತೆಯವರಿಗೆ

ಗಡಿನಾಡಿನ ಬೋವಿಕಾನದ ಸುತ್ತಮುತ್ತ ಸಂಚರಿಸುವ ಮಾನ್ಯ ಚಿರತೆಯವರೇ,

ಕಾಡಿನ ಅಂಚಿನಿಂದ ಸಾಕಷ್ಟು ಈಚೆ ನಿಂತು, ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ವರ್ಕಾಡಿಯ ವ್ಯಾಲೆಂಟೈನ್ ಕ್ರಾಸ್ತಾ, ವಯಸ್ಸು ಐವತ್ತು, ಮಕ್ಕಳಿಗಾಗಿ ಕನ್ನಡದಲ್ಲಿ ನಾಲ್ಕು ಪುಸ್ತಕ ಬರೆದವನು. ಹೆಸರು ಕೇಳಿಲ್ಲವೆಂದು ತಾವು ಸಂಕೋಚಪಡಬೇಕಾಗಿಲ್ಲ, ಕಾಡಿನ ಹೊರಗಿರುವವರೂ ಕೇಳಿಲ್ಲ. ನಾಲ್ಕನೆಯ ಪುಸ್ತಕ ತಮ್ಮ ಕುಲದ ಒಂದು ಮರಿಯ ಕುರಿತಾದದ್ದು; ತನ್ನ ಮೈಮೇಲಿನ ಚುಕ್ಕಿಗಳನ್ನು ಎಣಿಸಲು ಹೊರಟು, ಇಪ್ಪತ್ತರ ಮೇಲೆ ಎಣಿಸಲು ಬಾರದೆ, ಶಾಲೆಗೆ ಸೇರಲು ಬರುವ ಮರಿ. ತಮ್ಮ ಅನುಮತಿ ಕೇಳದೆ ಬರೆದದ್ದು ತಪ್ಪೇ. ಆದರೆ ಆ ತಪ್ಪಿಗೆ ಶಿಕ್ಷೆ ಸ್ವಲ್ಪ ಹೆಚ್ಚಾಯಿತು ಎಂಬುದೇ ಈ ದೂರಿನ ಸಾರ.

ಮಕ್ಕಳ ಪುಸ್ತಕ ಬರೆಯುವುದಕ್ಕಿಂತ ಅದರ ಹತ್ತಿರಕ್ಕೆ ಮಕ್ಕಳನ್ನು ತರುವುದು ಕಷ್ಟ. ಹೊಂಚು ಹಾಕಿ ಬದುಕುವ ತಮಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲ ಪುಸ್ತಕಕ್ಕಾಗಿ ಬಸ್ಸಿನಲ್ಲಿ ಎದ್ದು ನಿಂತು ಪದ್ಯ ಓದಿದೆ, ಕಂಡಕ್ಟರ್ ನನ್ನನ್ನು ನನ್ನದಲ್ಲದ ಸ್ಟಾಪಿನಲ್ಲಿ ಇಳಿಸಿದ. ಎರಡನೆಯದರ ಮೊದಲ ಪುಟವನ್ನು ಕಡಲೆ ಪೊಟ್ಟಣಗಳ ಮೇಲೆ ಅಚ್ಚು ಹಾಕಿಸಿದೆ, ಕಡಲೆ ಮುಗಿದಲ್ಲಿಗೆ ಸಾಹಿತ್ಯವೂ ಮುಗಿಯಿತು. ಮೂರನೆಯದಕ್ಕೆ ಮಂಗನ ಮುಖವಾಡ ಹಾಕಿಕೊಂಡು ಶಾಲೆಗೆ ಹೋದೆ. ಒಂದನೇ ಕ್ಲಾಸು ಪೂರ್ತಿ ಅತ್ತಿತು, ಹೆಡ್‌ಮಾಸ್ಟರು ಚಾ ಕುಡಿಸಿ ಗೇಟಿನ ತನಕ ಬಂದು ಬಿಟ್ಟುಹೋದರು.

ಈ ಸಲದ ವಿಷಯ ಹಾಗಲ್ಲ. ಬೋವಿಕಾನದ ಒಂದು ವಾಚನಾಲಯದಲ್ಲಿ ಮಕ್ಕಳ ಕನ್ನಡ ಪುಸ್ತಕಗಳ ಕಪಾಟೊಂದಿದೆ. ಅದನ್ನು ನೋಡಿಕೊಳ್ಳುವ ಮೂಕಾಂಬಿಕಾ ಟೀಚರ್ ಜೂನಿನ ವಾಚನ ವಾರಕ್ಕೆ ಮೊದಲೇ ಫೋನು ಮಾಡಿದ್ದರು. "ಕ್ರಾಸ್ತರೇ, ಈ ತಿಂಗಳು ಹತ್ತು ಮಕ್ಕಳಾದ್ರೂ ಬಾರದಿದ್ರೆ ಕಪಾಟು ತೆಗೀತಾರೆ. ಆ ಜಾಗಕ್ಕೆ ಕೇರಂ ಬೋರ್ಡು ಅಂತ ಕಮಿಟಿಯಲ್ಲಿ ಪಾಸಾಗಿ ಆಯ್ತು. ನೀವು ಎಂತಾದ್ರೂ ಮಾಡಿ."

ಮಾಡಿದೆ. ಹಳೆಯ ಹವಾಯಿ ಚಪ್ಪಲಿಯನ್ನು ಕತ್ತರಿಸಿ, ಮರದ ತುಂಡಿಗೆ ಅಂಟಿಸಿ, ತಮ್ಮ ಪಾದದ ಅಚ್ಚೊಂದನ್ನು ತಯಾರಿಸಿದೆ. ಚೆಂದಕ್ಕಿರಲಿ ಎಂದು ನಾಲ್ಕು ಉಗುರುಗಳನ್ನೂ ಇಟ್ಟೆ. ಹೆಂಡತಿ ಟ್ರೀಜಾ ಅದನ್ನು ತಿರುಗಿಸಿ ನೋಡಿ, "ನಿಮಗೆ ಐವತ್ತು ಆದದ್ದು ನಿಮಗೆ ಗೊತ್ತುಂಟಲ್ಲ?" ಎಂದಷ್ಟೇ ಕೇಳಿದಳು. ಶುಕ್ರವಾರ ಮಳೆ ಬಿಟ್ಟ ಸಂಜೆ ಶಾಲೆಯ ಗೇಟಿನಿಂದ ವಾಚನಾಲಯದ ಬಾಗಿಲಿನವರೆಗೆ ಕೆಸರಿನ ಮೇಲೆ ಅಚ್ಚು ಒತ್ತುತ್ತಾ ಹೋದೆ. ಮರುದಿನ ಬೆಳಿಗ್ಗೆ ಅಲ್ಲಿ ಪುಸ್ತಕ ಬಿಡುಗಡೆ; ಮಕ್ಕಳು ಹೆಜ್ಜೆಯ ಜಾಡು ಹಿಡಿದು ಬರಬೇಕು, ಜಾಡು ಮುಗಿದಲ್ಲಿ ಕಥೆ ಸಿಗಬೇಕು. ಗುಟ್ಟು ರಟ್ಟಾಗಬಾರದೆಂದು ಇದನ್ನು ಟೀಚರಿಗೂ ಹೇಳಲಿಲ್ಲ. ಅವರು ಕೊಟ್ಟಿದ್ದ ಕೀಲಿಯಿಂದ ಬಾಗಿಲು ತೆರೆದು, ಕಿಟಕಿಯ ಬಳಿ ಕೂತು, ಮರುದಿನ ಓದಬೇಕಾದ ಅಧ್ಯಾಯಗಳನ್ನು ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿ, ಬಸ್ಸು ಹಿಡಿದೆ.

ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ಹಿಂದಿನ ಸೀಟಿನವರ ಮಾತು ಕಿವಿಗೆ ಬಿತ್ತು.

"ಬೋವಿಕಾನದಲ್ಲಿ ಚಿರತೆ ಬಂದದ್ದಂತೆ ಮಾರಾಯ."

"ಹೌದು, ಶಾಲೆಯ ದಾರಿಯಲ್ಲೇ. ಈಗ ಎಲ್ಲರ ಮೊಬೈಲಲ್ಲಿ ಅದೇ."

ನನ್ನ ಪುಸ್ತಕದ ಸುದ್ದಿ ಇಷ್ಟು ಬೇಗ ಹಬ್ಬಿತೇ ಎಂದು ಉಬ್ಬಿಹೋಗಿ, ತಿರುಗಿ ಕೂತು, "ಅದು ನನ್ನದೇ" ಎಂದೆ. ಅವರು ಸೀಟು ಬದಲಿಸಿದರು.

ಬೋವಿಕಾನದಲ್ಲಿ ಇಳಿದರೆ, ಜೀಪಿನ ಮೇಲೆ ಮೈಕು ಕಟ್ಟಿ, ಮಕ್ಕಳನ್ನು ಮನೆಯಿಂದ ಹೊರಗೆ ಬಿಡಬಾರದೆಂದು ಮಲಯಾಳದಲ್ಲೂ ಕನ್ನಡದಲ್ಲೂ ಸಾರುತ್ತಿದ್ದಾರೆ. ಅರಣ್ಯ ಇಲಾಖೆಯ ವಾಚರ್ ಉಗ್ಗಪ್ಪ ದಾರಿಯಲ್ಲಿ ಕುಕ್ಕುರುಗಾಲಲ್ಲಿ ಕೂತು ಹೆಜ್ಜೆ ನೋಡುತ್ತಿದ್ದ.

"ಚಿರತೆ ನಡೆಯುವಾಗ ಉಗುರು ಒಳಗಿರ್ತದೆ. ಇದಕ್ಕೆ ಹೊರಗುಂಟು. ಮತ್ತೆ ನಾಲ್ಕು ಕಾಲೂ ಒಂದೇ ಕಾಲು. ಇದು ಯಾವ ಪ್ರಾಣಿ ಅಂತ ಗೊತ್ತಾಗುವುದಿಲ್ಲ."

ನಾನು ಚೀಲದಿಂದ ಅಚ್ಚನ್ನು ತೆಗೆದು ತೋರಿಸಿ, "ಮಕ್ಕಳ ಸಾಹಿತಿ" ಎಂದೆ.

"ಹಾಗಾದ್ರೆ ತೊಂದರೆ ಇಲ್ಲ, ಆ ಪ್ರಾಣಿ ಎಂತ ಮಾಡುವುದಿಲ್ಲ" ಎಂದು ಎದ್ದ. ಆದರೆ ವಾಚನಾಲಯದ ಕಿಟಕಿಯ ಬಳಿ ಮತ್ತೆ ಕೂತ. ಈ ಸಲ ಗೇಣು ಹಾಕಿ ಅಳೆದ. ಕಿಟಕಿಯ ಕೆಳಗೆ ನಾಲ್ಕು ಹೆಜ್ಜೆಗಳಿದ್ದವು, ಒಂದಕ್ಕೂ ಉಗುರಿರಲಿಲ್ಲ. "ಇದು ನಿಮ್ಮದಲ್ಲ" ಎಂದ.

ಮಾನ್ಯರೇ, ಇಲ್ಲಿಯೇ ನನಗೆ ಬೇಸರ. ಸೊಂಟ ಮುರಿಯುವಂತೆ ಬಗ್ಗಿ ನಾನು ಒತ್ತಿದ ಹೆಜ್ಜೆ ನೂರಕ್ಕೂ ಹೆಚ್ಚು, ತಾವು ಇಟ್ಟದ್ದು ನಾಲ್ಕು. ಪತ್ರಿಕೆಯಲ್ಲಿ ಬಂದದ್ದು ಆ ನಾಲ್ಕರ ಫೋಟೋ. ಅಂದು ಪುಸ್ತಕ ಬಿಡುಗಡೆಗೆ ಒಂದು ಮಗುವೂ ಬರಲಿಲ್ಲ. ಮಕ್ಕಳಿಗೆಂದು ತಂದಿದ್ದ ಅವಲಕ್ಕಿಯನ್ನು ನಾನು, ಟೀಚರ್ ಮತ್ತು ಉಗ್ಗಪ್ಪ ತಿಂದೆವು. ಒಂದು ಸಾಲೂ ಬರೆಯದೆ, ಮುಖವನ್ನೂ ತೋರಿಸದೆ, ಊರಿಡೀ ತಮ್ಮದೇ ಮಾತಾಗುವಂತೆ ಮಾಡಿದ ತಮ್ಮ ಜಾಣ್ಮೆಯನ್ನು ನಮ್ಮ ಪ್ರಕಾಶಕರೆಲ್ಲರೂ ಬಂದು ಕಲಿಯಬೇಕು. ತಾವು ಕಲಿಸುವಾಗ ಹಸಿದಿರಬಾರದು, ಅಷ್ಟೇ.

ಮುಂದಿನ ಶನಿವಾರದ ಸುದ್ದಿ ತಮಗೆ ತಲುಪಿರಲಾರದು. ಅಪ್ಪ ಅಮ್ಮಂದಿರ ಕೈ ಹಿಡಿದು ಇಪ್ಪತ್ತಮೂರು ಮಕ್ಕಳು ವಾಚನಾಲಯಕ್ಕೆ ಬಂದರು, ಕಿಟಕಿ ನೋಡುವುದಕ್ಕೆ; ಕೆಳಗಿನ ಹೆಜ್ಜೆಗಳನ್ನು ಉಗ್ಗಪ್ಪ ತಗಡು ಮುಚ್ಚಿ ಮಳೆಯಿಂದ ಉಳಿಸಿದ್ದ. ಮೂಕಾಂಬಿಕಾ ಟೀಚರ್ ಮಾತ್ರ ಕಪಾಟಿಗೆ ಒರಗಿ ನಿಂತು ಕಾನೂನು ಮಾಡಿದರು: "ಕಿಟಕಿಯ ಹತ್ತಿರ ನಿಲ್ಬೇಕಾದ್ರೆ ಕೈಯಲ್ಲಿ ಪುಸ್ತಕ ಬೇಕು. ಒಂದು ಪುಟ ಓದದವರಿಗೆ ಹೆಜ್ಜೆ ಇಲ್ಲ." ಸಾಲು ಉದ್ದವಿತ್ತು, ಕಾಯುತ್ತಾ ಕೆಲವರು ಎರಡು ಪುಟವನ್ನೂ ಓದಿದರು. ಕಪಾಟು ಉಳಿಯಿತು, ಕೇರಂ ಬೋರ್ಡು ಜಗಲಿಗೆ ಹೋಯಿತು. ಐದನೇ ಕ್ಲಾಸಿನ ಶ್ರೀವಾಣಿ ನನ್ನ ಪುಸ್ತಕದ ಮುಖಪುಟದಲ್ಲಿ ಮರಿಯ ಉಗುರುಗಳನ್ನೆಲ್ಲ ಪೆನ್ಸಿಲಿನಿಂದ ಹೊಡೆದುಹಾಕಿ, "ಇದು ತಪ್ಪು ಅಂಕಲ್, ಇನ್ನೊಂದು ಸಲ ಸರಿ ಮಾಡಿ" ಎಂದು ಕೈಗೆ ಕೊಟ್ಟಳು. ನನ್ನ ಪುಸ್ತಕವನ್ನು ಇಷ್ಟು ಗಮನವಿಟ್ಟು ಈವರೆಗೆ ಯಾರೂ ನೋಡಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿ: ಪ್ರತಿ ವರ್ಷದ ವಾಚನ ವಾರದಲ್ಲಿ ತಾವು ಒಮ್ಮೆ, ಯಾರೂ ಇಲ್ಲದ ಹೊತ್ತು ನೋಡಿ, ಅದೇ ಕಿಟಕಿಯ ಕೆಳಗೆ ನಾಲ್ಕೇ ಹೆಜ್ಜೆಗಳನ್ನಿಟ್ಟು ಉಪಕರಿಸಬೇಕು. ದಾರಿಯಲ್ಲಿ ಸಿಗುವ ಆಡು, ನಾಯಿಗಳನ್ನು ಮುಟ್ಟಬಾರದು, ಅವು ನನ್ನ ಓದುಗರ ಮನೆಯವು. ಒಳಗೆ ಬರುವ ಆಲೋಚನೆಯನ್ನೂ ಬಿಡಬೇಕು, ಸದಸ್ಯತ್ವಕ್ಕೆ ಆಧಾರ್ ಕಾರ್ಡ್ ಕೇಳುತ್ತಾರೆ.

ತಮ್ಮ ವಿಶ್ವಾಸಿ, ಆದರೆ ಬೇಲಿಯ ಈಚೆಯಿಂದ,
ವ್ಯಾಲೆಂಟೈನ್ ಕ್ರಾಸ್ತಾ

ತಾಜಾಕಲಂ: ಉಗ್ಗಪ್ಪ ಹೋಗುವಾಗ ಇನ್ನೊಂದು ಮಾತು ಹೇಳಿದ. "ಇಲ್ಲಿ ನಿಂತದ್ದು ಉಂಟು. ಮತ್ತೆ ಒಂದೇ ನೆಗೆತ, ಬೇಲಿಯ ಆಚೆಗೆ. ಒಳಗಿಂದ ಎಂತದೋ ಕೇಳಿ ಓಡಿದ ಹಾಗೆ." ಆ ಸಂಜೆ ಒಳಗಿದ್ದವನು ನಾನೊಬ್ಬನೇ, ಓದುತ್ತಿದ್ದದ್ದು ಮೂರನೆಯ ಅಧ್ಯಾಯವಿರಬೇಕು. ಕಥೆಯ ನಡುವೆ ಎದ್ದುಹೋಗುವುದನ್ನು ತಾವು ನಮ್ಮ ಸಮಾರಂಭಗಳ ಮುಖ್ಯ ಅತಿಥಿಗಳಿಂದ ಕಲಿತದ್ದಾದರೆ, ಅವರ ಹಾಗೆ ಹೋಗುವ ಮೊದಲು ಒಂದು ಪ್ರತಿಯನ್ನಾದರೂ ಪುಕ್ಕಟೆ ಕೇಳಬಹುದಿತ್ತು.