ನಡುವಿನ ಆ ‘ಲೋ’

ದೇವರು ಪ್ರತ್ಯಕ್ಷನಾಗಿ ವರ ಕೊಡಲು ಬಂದರೆ ನಮ್ಮ ಸೋದರಮಾವ ಏನೆನ್ನುತ್ತಿದ್ದ ಗೊತ್ತೇ? "ಇನ್ನೊಂದು ತೋರಸ್ರಿ, ಹೋಲಿಸಿ ನೋಡೂಣು!" ಸೊರಟೂರಿನ ಬದನೆಕಾಯಿ ರುಚಿಯೋ, ಅಂತೂರ ಬೆಂತೂರದ್ದೋ ಎಂದು ತಿಳಿಯಲು ಒಂದೇ ದಿನ ಎರಡು ಪಾತ್ರೆಯಲ್ಲಿ ಎಣಗಾಯಿ ಮಾಡಿಸಿದ ಪುಣ್ಯಾತ್ಮ. ಎರಡನ್ನೂ ಬಳಿದು ತಿಂದು ಅತ್ತೆಗೆ, "ನಾಳೆ ಮತ್ತ ಮಾಡು, ಖಾತ್ರಿ ಆಗವಲ್ದು" ಎಂದ!

ಎಪ್ಪತ್ತರ ದಶಕದ ಕೊನೆಗೆ ಅತ್ತೆಯ ಬೆರಳ ಗೆಣ್ಣುಗಳು ಬಾತವು. ಬೆಳಿಗ್ಗೆ ರೊಟ್ಟಿ ಬಡಿಯುವುದಿರಲಿ, ಸೆರಗು ಸರಿಮಾಡಿಕೊಳ್ಳಲೂ, ಹೆರಳು ಹಾಕಿಕೊಳ್ಳಲೂ ಆಗದು. ಮುಂಬಯಿಯ ತನ್ನ ಅಣ್ಣನ ಮನೆಗೆ ಹೋದಾಗ ಅಲ್ಲಿಯ ಡಾಕ್ಟರು ಪ್ರೆಡ್ನಿಸೋನ್ ಗುಳಿಗೆ ಕೊಟ್ಟರು. ಅದು ಮುಗಿಯುತ್ತ ಬಂದಾಗ ಗದಗಿನ ಡಾಕ್ಟರು ಪ್ರೆಡ್ನಿಸೋಲೋನ್ ಬರೆದರು. ತಗೋ, ಮಾವನಿಗೆ ಹಬ್ಬ!

"ನಡುವ ಒಂದು ‘ಲೋ’ ಹೆಚ್ಚಿಗಿ ಐತಿ. ಇದು ಬೆಂಗಳೂರ ಕಡೀ ಗುಳಿಗಿ. ನಮ್ಮ ಕಡೀದಾಗಿದ್ರ ‘ಲೇ’ ಅಂತಿತ್ತು!"

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ಬಸ್ಸು ಹತ್ತಿಳಿದು ಔಷಧದ ಅಂಗಡಿಗಳಲ್ಲಿ ವಿಚಾರಿಸಿದ. ಸಮಾಧಾನವಾಗಲಿಲ್ಲ. ಕೊನೆಗೆ ಹೊಸ ಗುಳಿಗೆಯನ್ನು ತಾನೇ ನುಂಗಿಬಿಟ್ಟ! ಕನ್ನಡಿ ಮುಂದೆ ಕುಳಿತು ನನ್ನನ್ನು ಕೇಳಿದ:

"ಮುಖದಾಗ ಏನರ ಫರಕ ಕಾಣತೈತೇನಲೇ?"

"ಇಲ್ಲ ಮಾಮಾ, ಮೊದಲಿನಂಗ ಐತಿ."

"ಆ ಮುಖಕ್ಕ ಯಾವ ಗುಳಿಗೀನೂ ನಾಟೂದಿಲ್ಲ!" ಎಂದಳು ಅತ್ತೆ. ಮರುದಿನ ಅವಳೇ ಅವನನ್ನು ಡಾಕ್ಟರ ಮುಂದೆ ನಿಲ್ಲಿಸಿದಳು.

ಡಾಕ್ಟರು ಸಿಟ್ಟಾದರು. "ಅವರ ಔಷಧ ನೀವ್ಯಾಕ ನುಂಗಿದ್ರಿ?"

ಮಾವ ತಲೆ ತಗ್ಗಿಸಿದ. "ಏನರ ಆಗೂದಿದ್ರ ನನಗ ಆಗ್ಲಿ ಅಂತ್ರೀ."

ಡಾಕ್ಟರ ದನಿ ಇಳಿಯಿತು. "ಎರಡೂ ಬಾವು ಇಳಸ್ತಾವ್ರಿ. ಪ್ರೆಡ್ನಿಸೋನ್ ಹೊಟ್ಟಿಗೆ ಹೋದ ಮ್ಯಾಲೆ ಲಿವರಿನ್ಯಾಗ ಪ್ರೆಡ್ನಿಸೋಲೋನ್ ಆಗತೈತಿ. ಊಟ ಮಾಡಿ ತಗೊಳ್ಳಿ. ನಾ ಹೇಳದೇ ಒಮ್ಮೆಲೆ ಬಿಡಬ್ಯಾಡ್ರಿ."

"ಹಂಗಂದ್ರ ಒಂದು ತವರಮನಿ ಹೆಸರು, ಇನ್ನೊಂದು ಲಗ್ನ ಆದ ಮ್ಯಾಲಿಂದು!" ಎಂದ ಮಾವ. ಡಾಕ್ಟರಿಗೂ ನಗು ತಡೆಯಲಾಗಲಿಲ್ಲ.

ಬಾವು ಇಳಿಯಿತು. ಗುಳಿಗೆಯಿಂದ ಅತ್ತೆಯ ಕೆನ್ನೆಗಳು ತುಂಬಿಕೊಂಡವು. ಓಣಿಯವರು "ನಿಮ್ಮಾಕಿ ಚಲೋ ಆಗ್ಯಾಳ" ಎಂದರೆ "ನಾ ನೋಡಿಕೊಂಡಿದ್ದು!" ಎಂದು ಮಾವ ಎದೆಯುಬ್ಬಿಸುತ್ತಿದ್ದ.

ಒಂದು ಬೆಳಿಗ್ಗೆ ಬೆಟಗೇರಿಯ ಅವರ ಮನೆಗೆ ಹೋದೆ. ಅತ್ತೆ ಹಿತ್ತಲಲ್ಲಿ ಕುಳಿತಿದ್ದಳು. ಹಿಂದೆ ಕುಳಿತ ಮಾವ ನಾಲಿಗೆ ಕಚ್ಚಿಕೊಂಡು ಅವಳಿಗೆ ಹೆರಳು ಹಾಕುತ್ತಿದ್ದ. ಎಂಥ ಸೊಟ್ಟ ಹೆರಳು! ಅವನು ಎಣ್ಣೆ ತರಲು ಒಳಗೆ ಹೋದಾಗ ಮೆಲ್ಲಗೆ ಕೇಳಿದೆ, "ಅತ್ತಿ, ನಿನ್ನ ಬೆರಳು ಈಗ ನೆಟ್ಟಗ ಆಗ್ಯಾವಲ್ಲ?"

ಅತ್ತೆ ಬಾಗಿಲ ಕಡೆ ನೋಡಿ ಪಿಸುಗುಟ್ಟಿದಳು:

"ಆಗ್ಯಾವ. ನಿಮ್ಮ ಮಾಮಾಗ ಹೇಳಬ್ಯಾಡ."